ಹವಳಕ್ಕೆ ಉಣ್ಣಿಸಿದ ಕೈ

ಹಿಂದೆ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ತೀರಿಕೊಂಡರೆಂದು ಫೋನಿನಲ್ಲಿ ಕೇಳಿದ ಮೇಲೆ ನಾನು ಮೊದಲು ಮಾಡಿದ್ದು ನನ್ನ ಬಲಗೈ ಬೆರಳುಗಳನ್ನು ಮೂಸಿ ನೋಡಿದ್ದು. ಸೋಪು, ಸೀಮೆಸುಣ್ಣ, ಬೇರೇನೂ ಇರಲಿಲ್ಲ. ಇಷ್ಟು ವರ್ಷಗಳ ಮೇಲೆ ಸೀಗಡಿಯ ನೀಚು ವಾಸನೆ ಬೆರಳಲ್ಲಿ ಉಳಿದಿರುವುದಿಲ್ಲ ಎಂದು ನನಗೂ ಗೊತ್ತು. ಆದರೆ ಮಾತಾಡುವ ಮುಂಚೆ ಬೆರಳು ಮೂಸುವುದು ಅವರ ಅಭ್ಯಾಸವಾಗಿತ್ತು. ಮನುಷ್ಯ ಹೋದ ದಿನ ಅವರ ಅಭ್ಯಾಸ ನನ್ನ ಕೈಗೆ ಬಂತು. ಇದನ್ನು ಶ್ರದ್ಧಾಂಜಲಿ ಎಂದು ಯಾರೂ ತಿಳಿಯಬಾರದು. ನನಗೆ ಹೇಸಿಗೆಯಾಯಿತು.

ಫೋನ್ ಮಾಡಿದವರು ಅವರ ಮಗ. "ಅಪ್ಪಾರ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡ್ತಾ ಇದೀವಿ ಸಾರ್. ನೀವು ನಮ್ಮನೇಲಿ ಬಾಡಿಗೆಗಿದ್ರಲ್ಲ, ಒಂದೆರಡು ಪುಟ ಬರ್ಕೊಡಿ. ನೀವು ಮೇಷ್ಟ್ರು, ನಿಮ್ಗೇನು ಕಷ್ಟ?" ಎಂದರು. ಒಳ್ಳೆಯದನ್ನೇ ಬರೆಯಿರಿ ಎಂದು ಹೇಳಲಿಲ್ಲ. ಹೇಳಬೇಕಾದೀತು ಎಂಬ ಅನುಮಾನವೇ ಅವರಿಗೆ ಇದ್ದಂತಿರಲಿಲ್ಲ.

ಅವರ ಮೂಗಿನಿಂದ ಶುರು ಮಾಡುತ್ತೇನೆ.

ತಿಪಟೂರಿನ ಮಾರುಕಟ್ಟೆಯಲ್ಲಿ ಅವರದು ಕೊಬ್ಬರಿ ಮಂಡಿ. ನಮ್ಮ ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ: ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಅವರು ಚೀಲದಿಂದ ಒಂದು ಉಂಡೆ ತೆಗೆದು ಎರಡು ಹೋಳು ಮಾಡಿ ಮೂಗಿಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಬೆರಳು ಮೂಸಿ, "ಅಟ್ಟ ಸೋರೈತೆ ಕಣಪ್ಪ. ನಿಂಗೂ ಗೊತ್ತು, ನಂಗೂ ಗೊತ್ತು" ಎನ್ನುತ್ತಿದ್ದರು. ಕಮಟು ಇನ್ನೂ ಹುಟ್ಟುವ ಮೊದಲೇ ಅವರಿಗೆ ಕಮಟು ತಿಳಿಯುತ್ತದೆ ಎಂಬುದು ಮಾರುಕಟ್ಟೆಯ ಮಾತು. ಒಮ್ಮೆ ಬರೀ ಮೂಸಿ ನೋಡಿಯೇ "ಇದು ಶೆಟ್ಟಿಕೆರೆ ಕಡೆ ಕಾಯಿ, ಹೆಂಚಿನ ಮನೆ, ಅಟ್ಟದ ಕೆಳಗೇ ಒಲೆ" ಎಂದರಂತೆ. ತಂದವನು ಕೈ ಮುಗಿದನಂತೆ. ಇದನ್ನು ನಾನೇ ನೋಡಿದ್ದೇನೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಈಗ ಬರೆಯಲು ಕೂತರೆ, ನೋಡಿದೆನೋ ಕೇಳಿದೆನೋ ಗೊತ್ತಾಗುತ್ತಿಲ್ಲ. ಕೈ ಮುಗಿದವನ ಮುಖವೇ ನನ್ನ ನೆನಪಿನಲ್ಲಿಲ್ಲ.

ಅದೇ ಮೂಗು ಸಂಜೆ ಮಂಡಿಯಿಂದ ಬಂದು ಮನೆಯನ್ನು ಒಂದು ಸುತ್ತು ಹಾಕುತ್ತಿತ್ತು. ಇದನ್ನು ಮಾತ್ರ ನಾನು ನೋಡಿದ್ದೇನೆ.

ನಾವು ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿಯ ಕೆಳಗೆ ಮೋರಿ. ಮನೆ ಕೊಡುವಾಗಲೇ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದ್ದರು: "ಮೇಷ್ಟ್ರೇ, ಹೊರಗಡೆ ಏನ್ ಬೇಕಾದ್ರೂ ತಿಂದ್ಕಳಿ. ನಾಲ್ಗೆ ನಿಮ್ದು. ಗೋಡೆ ನಂದು." ಅವರದು ಮಾಂಸ ಮುಟ್ಟದ ಮನೆ, ನಮ್ಮದು ಭಾನುವಾರ ಬಾಡಿನ ಸಾರು ಮಾಡುವ ಮನೆ. ಅದರಲ್ಲಿ ನನಗೇನೂ ತಕರಾರಿರಲಿಲ್ಲ. ಅದೇ ಬೀದಿಯಲ್ಲಿ, ಅದೇ ಪೂಜೆ ಪುನಸ್ಕಾರದ ಎಷ್ಟೋ ಮನೆಯವರು ಬಾಡಿಗೆಯವರ ಒಲೆಗೆ ಮೂಗು ಹಾಕದೆ ಬದುಕುತ್ತಿದ್ದರು. ಇವರು ಹಾಕುತ್ತಿದ್ದರು. ನಮಗಿಂತ ಮುಂಚೆ ಇದ್ದವರನ್ನು ಮೋರಿಯಲ್ಲಿ ಸಿಕ್ಕಿದ ಮೊಟ್ಟೆಯ ಸಿಪ್ಪೆಗಾಗಿ ಓಡಿಸಿದ್ದರು.

ಮನೆ ಸೇರಿದ ವರ್ಷವೇ ನನ್ನ ಹೆಂಡತಿ ಬಸುರಿಯಾದಳು. ಹಿಂದೆ ಒಂದು ಸಲ ನಿಲ್ಲದೆ ಹೋಗಿತ್ತು. ರಕ್ತ ಕಮ್ಮಿ ಇದೆ, ದಿನಾ ಮೊಟ್ಟೆ ತಿನ್ನಿ, ಬಸ್ಸಿನಲ್ಲಿ ಓಡಾಡಬೇಡಿ, ಆಸ್ಪತ್ರೆ ಹತ್ತಿರವೇ ಇರಿ ಎಂದರು ಡಾಕ್ಟರು. ಅವರ ಆಸ್ಪತ್ರೆ ಪಕ್ಕದ ಬೀದಿಯಲ್ಲಿತ್ತು. ಹೆರಿಗೆಯವರೆಗೆ ಆ ಮನೆ ನಮ್ಮ ಕೈ ತಪ್ಪಬಾರದು ಎಂಬುದೊಂದೇ ಆಗ ನಮ್ಮಿಬ್ಬರ ತಲೆಯಲ್ಲಿದ್ದದ್ದು. ಅವಳು ಅನ್ನದ ಪಾತ್ರೆಯೊಳಗೇ ಮೊಟ್ಟೆ ಬೇಯಿಸುತ್ತಿದ್ದಳು. ಸಿಪ್ಪೆಯನ್ನು ನಾನು ಕಾಗದದಲ್ಲಿ ಸುತ್ತಿ, ಮಕ್ಕಳ ಉತ್ತರ ಪತ್ರಿಕೆಗಳ ಜೊತೆ ಚೀಲದಲ್ಲಿಟ್ಟುಕೊಂಡು ಹೋಗಿ ರೈಲು ಹಳಿಯ ಆಚೆ ಎಸೆಯುತ್ತಿದ್ದೆ.

ತೊಟ್ಟಿ ಬಂದದ್ದು ಆಗ.

ಮುಂಬಯಿಯ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯ ನಡುಮನೆಯಲ್ಲಿ ಅವರು ಉಪ್ಪುನೀರಿನ ಗಾಜಿನ ತೊಟ್ಟಿಯನ್ನೂ ಅದರಲ್ಲಿ ಬೆಳೆಯುವ ಹವಳವನ್ನೂ ನೋಡಿ ಬಂದಿದ್ದರು. ಹೆಂಡತಿ ಸತ್ತ ಒಂಟಿತನಕ್ಕೆ ಹವಳ ತಂದರು ಎಂದು ಬರೆದರೆ ಪುಸ್ತಕಕ್ಕೆ ಚೆನ್ನಾಗಿರುತ್ತದೆ. ಆದರೆ ಆಕೆ ಹೋಗಿ ಬಹಳ ವರ್ಷಗಳಾಗಿದ್ದವು, ಮತ್ತು ಅವರು ಹೇಳಿದ ಕಾರಣ ಬೇರೆಯೇ ಇತ್ತು. ಜೋಯಿಸರು ಹವಳದ ಉಂಗುರ ಹಾಕಿಸಿದ್ದರು. "ಉಂಗುರದಲ್ಲಿರೋದು ಸತ್ತ ಹವಳ ಮೇಷ್ಟ್ರೇ. ಇದು ಬೆಳೆಯೋ ರತ್ನ. ನೀವೇ ಲೆಕ್ಕ ಹಾಕ್ಕಳಿ." ಬೆಂಗಳೂರಿನ ಅಂಗಡಿಯವನು ಬಂದು ಉಪ್ಪು ಕರಗಿಸಿ, ಪಂಪು ಕೂರಿಸಿ, ಬಂಡೆಯ ಚೂರಿಗೆ ಅಂಟಿಕೊಂಡಿದ್ದ ಕಿತ್ತಳೆ ಬಣ್ಣದ ಗೊಂಚಲೊಂದನ್ನು ನೀರಿಗಿಳಿಸಿದ. ಚೆಂಡುಹೂವಿನ ಮೊಗ್ಗುಗಳನ್ನು ಒತ್ತಾಗಿ ಅಂಟಿಸಿದ ಹಾಗಿತ್ತು. "ಜಾಸ್ತಿ ಜನಕ್ಕೆ ತೋರಿಸ್ಬೇಡಿ ಸಾರ್" ಎಂದು ಹೇಳಿ ಹೋದ. ಅದನ್ನು ಮನೆಯಲ್ಲಿಡುವುದು ಕಾನೂನಿಗೆ ವಿರುದ್ಧ ಎಂದು ನನಗೆ ಆಮೇಲೆ ತಿಳಿಯಿತು. ಇವರು ಊರಿಗೆಲ್ಲ ತೋರಿಸಿದರು.

ಅಂಗಡಿಯವನು ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದ. ಇದಕ್ಕೆ ಬರೀ ಬೆಳಕು ಸಾಲದು, ಊಟವೂ ಬೇಕು. ಸೀಗಡಿಯನ್ನು ಸಣ್ಣಗೆ ಕೊಚ್ಚಿ, ಸಂಜೆ ಪಂಪು ನಿಲ್ಲಿಸಿ, ಒಂದೊಂದು ಬಾಯಿಗೂ ಬೇರೆಬೇರೆಯಾಗಿ ಉಣ್ಣಿಸಬೇಕು.

ನನಗೆ ಕರೆ ಬಂತು. ತೊಟ್ಟಿಯ ಮುಂದೆ ಅವರು, ಅವರ ಹಿಂದೆ ಕುರ್ಚಿಯಲ್ಲಿ ಅವರ ತಾಯಿ. ಆ ಮನೆಯಲ್ಲಿ ಕೊನೆಯ ಮಾತು ಆ ಅಜ್ಜಿಯದು.

"ಮೇಷ್ಟ್ರೇ, ನೀವು ವಿಜ್ಞಾನ ಓದಿರೋರು. ಇದು ಕಲ್ಲೋ, ಗಿಡವೋ?"

"ಪ್ರಾಣಿ ಯಜಮಾನ್ರೇ."

ಅಜ್ಜಿ ನಕ್ಕರು. "ಬಳೆಗಾರ್ರು ತರೋ ಹವಳ ಕಲ್ಲಲ್ದೆ ಇನ್ನೇನಪ್ಪ? ಕಲ್ಗೆ ಊಟ ಇಕ್ಕೋ ಮಗನ್ನ ಹೆತ್ತಿವ್ನಿ ನೋಡು."

ಅವರು ಬೆರಳು ಮೂಸಿ ಯೋಚಿಸಿದರು. "ಏನಾದ್ರೂ ಆಗ್ಲಿ, ಈ ಮನೇಲಿರೋದು ಈ ಮನೇಲಿ ಬೇಯೋದನ್ನೇ ತಿನ್ಬೇಕು" ಎಂದು ತೀರ್ಪು ಕೊಟ್ಟರು.

ಹಾಗೆ ಹವಳಕ್ಕೆ ತೆಂಗಿನ ಹಾಲು ಹಾಕಿದರು. ಇಂಥ ತಪ್ಪನ್ನು ನಮ್ಮ ಸೀಮೆಯವರಲ್ಲದೆ ಬೇರೆಯವರು ಮಾಡಲಾರರು. ಹಸುಗೂಸಿಗೆ, ಬಾಣಂತಿಗೆ, ಕರುವಿಗೆ, ದೇವರಿಗೆ ಎಲ್ಲಕ್ಕೂ ತೆಂಗೇ ಆಗಿರುವ ಕಡೆ ಹವಳ ಮಾತ್ರ ಯಾಕೆ ಬೇಡವೆನ್ನಬೇಕು? ಒಳ್ಳೆಯ ಕಾಯಿ ಆರಿಸಿ, ತುರಿದು, ಹಿಂಡಿ, ಮಗುವಿಗೆ ಔಷಧ ಹಾಕುವ ಪಿಲ್ಲರಿನಲ್ಲಿ ಬಿಟ್ಟರು. ಮೊದಲ ದಿನ ನೀರು ಮಬ್ಬಾಯಿತು. ಆಮೇಲೆ ಮೇಲೆ ಜಿಡ್ಡಿನ ಪೊರೆ ಕಟ್ಟಿತು. ಮೊಗ್ಗುಗಳು ಮುದುಡಿಕೊಂಡು, ಮೂಗಿನ ಸಿಂಬಳದಂಥ ಲೋಳೆಯನ್ನು ಎಳೆ ಎಳೆಯಾಗಿ ಬಿಟ್ಟವು. ತೊಟ್ಟಿಯ ಪಕ್ಕದಲ್ಲಿ ಕೊಳೆಯನ್ನು ನೊರೆ ಮಾಡಿ ಎತ್ತುವ ಒಂದು ಬಟ್ಟಲಿತ್ತು. ಅದರಲ್ಲಿ ಕಂದು ಬಣ್ಣದ ಗಂಜಿಯಂಥದ್ದು ತುಂಬುತ್ತಿತ್ತು. ಅದನ್ನು ತಂದು ನಮ್ಮ ಅಡುಗೆಮನೆ ಕಿಟಕಿಯ ಕೆಳಗಿನ ಮೋರಿಗೆ ಸುರಿಯುತ್ತಿದ್ದರು. ನನ್ನ ಹೆಂಡತಿ ಕಿಟಕಿ ಮುಚ್ಚಿ ಬಟ್ಟೆ ತುರುಕಿದಳು. ವಾಂತಿ ನಿಲ್ಲಲಿಲ್ಲ.

ಊರಿಗೆಲ್ಲ ಕಮಟು ಹೇಳುವ ಮನುಷ್ಯ ತಮ್ಮದೇ ನಡುಮನೆಯಲ್ಲಿ ಅದೇ ಕಮಟನ್ನು ಕುದಿಸಿಟ್ಟುಕೊಂಡು ಕೂತಿದ್ದರು.

ಒಂದು ಸಂಜೆ ನಮ್ಮ ಬಾಗಿಲಿಗೆ ಬಂದರು. ಹೊಸ್ತಿಲ ಆಚೆಯೇ ನಿಂತರು.

"ಸಾಯ್ತಾ ಐತೆ ಮೇಷ್ಟ್ರೇ."

ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ.

"ನಿಮ್ ಕಡೆ ಸಿಕ್ತದಲ್ಲ, ಆ ಸೀಗಡಿ. ಅದು ನಮ್ಮನೆ ಒಳಗೆ ಬರೋದು ಬ್ಯಾಡ. ನಿಮ್ಮನೇಲೇ ಕೊಚ್ಚಿ ಬಟ್ಲಲ್ಲಿ ಇಟ್ಟಿರಿ. ಅವ್ವಂಗೆ ಬೆಂಗಳೂರು ಪುಡಿ ಅಂತ ಹೇಳ್ತೀನಿ."

"ನಮ್ಮನೆ ಗೋಡೆ ನಿಮ್ದಲ್ವಾ ಯಜಮಾನ್ರೇ?"

ಅವರು ನಗಲಿಲ್ಲ. ನನ್ನ ಭುಜದಾಚೆ ಒಲೆಯ ಮೇಲಿದ್ದ ಅನ್ನದ ಪಾತ್ರೆಯ ಕಡೆ ಮೂಗು ತಿರುಗಿಸಿ, ನಿಧಾನವಾಗಿ ಉಸಿರೆಳೆದರು. "ಮೊಟ್ಟೆ ವಿಷ್ಯ ನಾನು ಮೂಸ್ಲಿಲ್ಲ ಅನ್ಕಳಿ" ಎಂದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬೇಕಾಗುವ ದಿನಕ್ಕೆಂದು ಅಟ್ಟದಲ್ಲಿ ಇಟ್ಟಿದ್ದರು. ಅವರ ಬಗ್ಗೆ ನನಗಿರುವ ಹೇಸಿಗೆಯಲ್ಲಿ ಹವಳದ ಲೋಳೆಗೆ, ಮೋರಿಗೆ ಪಾಲು ಕಡಿಮೆ. ಈ ಒಂದು ಉಸಿರೆಳೆತಕ್ಕೇ ಹೆಚ್ಚು.

ಅಲ್ಲಿಂದ ಶುರುವಾಯಿತು. ಕರಾವಳಿಯಿಂದ ಹೆದ್ದಾರಿ ಹಿಡಿದು ಬರುವ ಐಸ್ ಪೆಟ್ಟಿಗೆಯ ಮೀನಿನವನೊಬ್ಬ ಭಾನುವಾರ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೂರುತ್ತಿದ್ದ. ನಾನು ಹೋಗಿ ತರುತ್ತಿದ್ದೆ. ಮೊದಲು ಹೆಂಡತಿ ಕೊಚ್ಚಲು ಕೂತಳು, ಎದ್ದು ಬಚ್ಚಲಿಗೆ ಓಡಿದಳು. ಆಮೇಲೆ ನಾನೇ. ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರ ಎಳೆದು, ಹಳೆಯ ಸ್ಟೀಲ್ ತಟ್ಟೆಯ ಮೇಲೆ ಕೊಚ್ಚುವುದು. ನಾನು ಸೀಗಡಿ ಸಾರನ್ನು ಬಾಯಿ ಚಪ್ಪರಿಸಿ ತಿನ್ನುವವನು. ಆದರೆ ಅಪ್ಪಣೆಯ ಮೇಲೆ ಕೊಚ್ಚಿದ ಸೀಗಡಿ ಬೇರೆಯೇ ನಾರುತ್ತದೆ.

ಈಗ ಒಪ್ಪಿಕೊಳ್ಳಲು ಇಷ್ಟವಿಲ್ಲದ ಒಂದು ದೃಶ್ಯ ಬರುತ್ತದೆ. ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಸುಳ್ಳಾಗುತ್ತದೆ, ಹಾಕಿದರೆ ಅವರು ಒಳ್ಳೆಯವರಾಗಿಬಿಡುತ್ತಾರೆ. ಹಾಕುತ್ತೇನೆ, ಆದರೆ ಆ ಉಪಕಾರವನ್ನು ಅವರಿಗೆ ಮಾಡುತ್ತಿಲ್ಲ.

ದೀಪ ಹಚ್ಚುವ ಹೊತ್ತು. ಅಜ್ಜಿ ಒಳಗೆ ಪೂಜೆಯಲ್ಲಿ. ಅವರು ಪಂಪು ನಿಲ್ಲಿಸಿ, ಮೊದಲು ಸೀಗಡಿ ತೊಳೆದ ನೀರನ್ನು ಎರಡು ಹನಿ ತೊಟ್ಟಿಗೆ ಬಿಡುತ್ತಿದ್ದರು. ಹವಳಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಊಟ ಬಂದದ್ದು ವಾಸನೆಯಿಂದಲೇ ಅದಕ್ಕೆ ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮುದುಡಿದ್ದ ಮೊಗ್ಗುಗಳು ಒಂದೊಂದೇ ಅರಳಿ, ಹಳದಿ ಎಸಳುಗಳ ನಡುವೆ ಬಾಯಿ ಕಾಣುತ್ತಿತ್ತು. "ಮೂಸ್ತು ನೋಡಿ, ಮೂಸ್ತು!" ಎಂದು ಅವರು ಪಿಸುಗುಡುತ್ತಿದ್ದರು. ಆಮೇಲೆ ಅಂಗಿಯ ತೋಳು ಮಡಿಸಿ, ವಿಭೂತಿ ಹಚ್ಚಿದ ಅದೇ ಬೆರಳುಗಳಲ್ಲಿ ಪಿಲ್ಲರು ಹಿಡಿದು, ಒಂದೊಂದು ಬಾಯಿಯ ಮೇಲೂ ಒಂದೊಂದು ಚೂರು. "ತಿನ್ನವ್ವ. ನಿಂಗೆ ಸಿಗ್ಲಿಲ್ವಾ? ತಡಿ ತಡಿ. ಏಯ್, ನೀನು ಆಗ್ಲೇ ತಿಂದೆ ಕಣೇ." ಎಸಳುಗಳು ಚೂರನ್ನು ಹಿಡಿದು ಒಳಕ್ಕೆ ಒತ್ತಿಕೊಳ್ಳುತ್ತಿದ್ದವು. ಮೊದಮೊದಲು ಬಟ್ಟಲನ್ನೂ ಮುಟ್ಟದವರು, ಬರಬರುತ್ತಾ ಚೂರು ದಪ್ಪವಾಯಿತೆಂದು ತಾವೇ ಉಗುರಲ್ಲಿ ಸೀಳುತ್ತಿದ್ದರು. ತಮ್ಮ ಮಗನ ಜೊತೆ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಮುಗಿದ ಮೇಲೆ ನಿಂಬೆಹಣ್ಣಿನ ಹೋಳಿನಿಂದ ಕೈ ಉಜ್ಜಿ, ತೊಳೆದು, ಮೂಸಿ, ಮತ್ತೆ ಉಜ್ಜಿ, ಪೂಜೆಯ ಕೋಣೆಗೆ ಹೋಗುತ್ತಿದ್ದರು. ಹೋಗುವಾಗ ನಮ್ಮ ಕಿಟಕಿಯ ಮುಂದೆ ಬೇಕೆಂದೇ ಮೂಗು ಸುಕ್ಕಿಸುತ್ತಿದ್ದರು. ಅಥವಾ ಇದನ್ನು ನಾನು ಸೇರಿಸುತ್ತಿದ್ದೇನೆ. ಆ ಕಿಟಕಿಗೆ ಆಗ ಬಟ್ಟೆ ತುರುಕಿತ್ತು. ನನಗೆ ಹೇಗೆ ಕಂಡಿತು?

ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಬೀದಿಗೆ ಕರೆಂಟ್ ಹೋಯಿತು. ಬೆಳಿಗ್ಗೆ ಹೋದದ್ದು ಮಾರನೇ ದಿನವೂ ಬರಲಿಲ್ಲ. ಪಂಪು ನಿಂತು ನೀರು ಕಾಯಿತು. ಕರೆಂಟ್ ಬಂದ ಮೇಲೂ ಮೊಗ್ಗುಗಳು ಅರಳಲಿಲ್ಲ. ಕಿತ್ತಳೆ ಬಣ್ಣ ಕರಗಿ, ಮಾಂಸ ಕಿತ್ತು ಕಿತ್ತು ತೇಲಿ, ಕೆಳಗಿನ ಬಿಳಿ ಗಟ್ಟಿ ಗೂಡು ಕಾಣತೊಡಗಿತು. "ಸತ್ತಿದೆ ಯಜಮಾನ್ರೇ, ತೆಗೆದುಬಿಡಿ" ಎಂದೆ. "ಮುನಿಸ್ಕೊಂಡೈತೆ ಅಷ್ಟೆ" ಎಂದು ಸತ್ತದ್ದರ ಮೇಲೆ ಇನ್ನಷ್ಟು ಸೀಗಡಿ ಹಾಕಿದರು. ದಿನಾ ಹಾಕಿದರು. ನಡುಮನೆಯಲ್ಲಿ ನಿಂತರೆ ಗಂಟಲಿಗೆ ಏನೋ ಅಂಟಿಕೊಳ್ಳುತ್ತಿತ್ತು.

ಅದೇ ವಾರ ಮಗನಿಗೆ ಹೆಣ್ಣು ಕೊಡುವವರು ತುರುವೇಕೆರೆಯಿಂದ ಮನೆ ನೋಡಲು ಬಂದರು. ಹವಳದ ವಿಚಾರ ವಿವರಿಸಲಿಕ್ಕೆಂದು ನನ್ನನ್ನೂ ನಡುಮನೆಗೆ ಕರೆಸಿದ್ದರು. ಯಜಮಾನರು ಅವತ್ತು ಬೆಳಿಗ್ಗೆಯೂ ತೊಟ್ಟಿಗೆ ಕೈ ಹಾಕಿ ಹವಳದ ಬಂಡೆ ನೇರ ಮಾಡಿದ್ದರು. ಊದುಬತ್ತಿಯ ಒಂದು ಕಟ್ಟನ್ನೇ ಹಚ್ಚಿದ್ದರು. ಹುಡುಗಿಯ ಸೋದರಮಾವನೂ ಕೊಬ್ಬರಿ ವ್ಯಾಪಾರಿ. ಕೂತ ಸ್ವಲ್ಪ ಹೊತ್ತಿಗೇ ಅವರು ಟವೆಲ್ಲನ್ನು ಮೂಗಿಗೆ ಹಿಡಿದು, "ಏನ್ ಸಾವ್ಕಾರ್ರೇ, ಏನೋ ಕೊಳೆತಂಗೈತಲ್ಲ?" ಎಂದರು.

"ಆ ಹವಳ ಸತ್ತಿದೆ" ಎಂದೆ ನಾನು. ಇಷ್ಟು ಸ್ಪಷ್ಟವಾಗಿ ಹೇಳಿದ್ದು ನನಗೆ ನೆನಪಿದೆ.

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಕಲ್ಲು ಎಲ್ಲಾದ್ರೂ ಕೊಳೆತು ನಾರ್ತದಾ ಮೇಷ್ಟ್ರೇ? ಹಿಂದಿನ ಮನೇಲಿ ಏನ್ ಬೇಯಿಸವ್ರೋ ಅದನ್ನ ಹೇಳಿ."

ಬಂದವರೆಲ್ಲ ನನ್ನ ಕಡೆ ತಿರುಗಿದರು. ಸೋದರಮಾವ ನಗುತ್ತಾ, "ವಾದ ಯಾಕೆ? ಸಾವ್ಕಾರ್ರ ಮೂಗು ಐತಲ್ಲ! ಹೋಗಿ ಮೂಸ್ಕೊಂಡು ಬಂದು ಹೇಳ್ಲಿ. ಮಾರ್ಕೆಟ್ಟೇ ನಂಬ್ತದೆ, ನಾವು ನಂಬಲ್ವಾ?" ಎಂದರು.

ಯಜಮಾನರು ಎದ್ದರು. ಒಂದು ಮಾತು ಸಾಕಿತ್ತು. ಆ ನಡುಮನೆಯಲ್ಲಿ ನನ್ನನ್ನು ಬಿಟ್ಟರೆ ಸತ್ಯ ಗೊತ್ತಿದ್ದವರು ಅವರೊಬ್ಬರೇ, ಮತ್ತು ಅವರ ಮಾತಿಗೆ ಎದುರು ಮಾತಿರಲಿಲ್ಲ. ಹಿಂದಿನ ಬಾಗಿಲಿಂದ ನಮ್ಮ ಅಡುಗೆಮನೆಗೆ ಹೋದರು. ಒಳಗೆ ನನ್ನ ಹೆಂಡತಿ ಒಬ್ಬಳೇ ಇದ್ದಳು. ನಾನು ಏಳಲು ಹೋದೆ, "ನೀವು ಕೂತ್ಕಳಿ" ಎಂದು ಯಾರೋ ಭುಜ ಒತ್ತಿದರು. ಅವರು ಬರುವುದು ತಡವಾಯಿತು. ಬಂದವರು ನನ್ನ ಮುಖ ನೋಡದೆ ತಾಯಿಗೆ ಹೇಳಿದರು:

"ಅಲ್ಲಿಂದ್ಲೇ ಕಣವ್ವ."

ಅಷ್ಟೇ. ಅಮಾವಾಸ್ಯೆಯೊಳಗೆ ಮನೆ ಖಾಲಿಯಾಗಬೇಕೆಂದು ಅಜ್ಜಿ ಅಲ್ಲೇ ಹೇಳಿದರು. ಆಮೇಲೆ ಯಜಮಾನರು ಸಂಪ್ರದಾಯದಂತೆ ಹೊಸ ಕೊಬ್ಬರಿ ಹೋಳು ಮಾಡಿ ಸಕ್ಕರೆಯ ಜೊತೆ ತಮ್ಮ ಕೈಯಾರೆ ಬೀಗರಾಗುವವರಿಗೆ ಕೊಟ್ಟರು. ಸೋದರಮಾವ ತೆಗೆದುಕೊಂಡು, ಬಾಯಿಯ ಹತ್ತಿರ ತಂದು, ತಿನ್ನದೆ ಜೇಬಿಗೆ ಹಾಕಿಕೊಂಡರು. ಆ ಸಂಬಂಧ ಕೂಡಲಿಲ್ಲ. ಅದಕ್ಕೂ ನಮ್ಮ ಅಡುಗೆಮನೆಯೇ ಕಾರಣವೆಂದು ಬೀದಿಯಲ್ಲಿ ಮಾತಾಯಿತು.

ತಿಂಗಳು ತುಂಬುತ್ತಿದ್ದ ಹೆಂಗಸನ್ನು ಸಾಮಾನಿನ ಟೆಂಪೋದಲ್ಲಿ ಮುಂದೆ ಕೂರಿಸಿಕೊಂಡು ಚಿಕ್ಕನಾಯಕನಹಳ್ಳಿಯ ಅವಳ ಅಕ್ಕನ ಮನೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಮಗು ಉಳಿಯಿತು. ಮಗಳು ಈಗ ಮೊಟ್ಟೆ ಕಂಡರೆ ಮುಖ ತಿರುಗಿಸುತ್ತಾಳೆ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಹೆಂಡತಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ, "ಒಂದು ಕಡೆ ಸರಿ ಇಲ್ಲ ಕಣ್ರೀ" ಎಂದಳು.

"ಎಲ್ಲಿ?"

"ಅವ್ರು ನಮ್ಮನೇಲಿ ಮೂಸ್ಲೇ ಇಲ್ಲ."

"ಮತ್ತೇನು ಮಾಡಿದ್ರು ಅಷ್ಟೊತ್ತು?"

"ಕೈ ತೊಳ್ಕೊಂಡ್ರು. ನಮ್ಮ ನಲ್ಲೀಲಿ. ನಿಂಬೆಹಣ್ಣು ಐತಾ ತಾಯಿ ಅಂದ್ರು. ಕುಯ್ದು ಕೊಟ್ಟೆ. ಚೆನ್ನಾಗಿ ಉಜ್ಜಿದ್ರು, ಉಗುರೊಳಗೆಲ್ಲ. ತಿರ್ಗ ಮೂಸಿ ನೋಡ್ಕೊಂಡ್ರು."

"ಇಷ್ಟು ವರ್ಷ ಹೇಳಲೇ ಇಲ್ವಲ್ಲೇ?"

"ನೀವು ಕೇಳ್ಲಿಲ್ಲ. ನಿಮ್ಮ ಕಥೇಲಿ ಅವ್ರು ಮೂಸಿ ಆಗಿತ್ತು." ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಆಮೇಲೆ ಬೆರಳು ನನ್ನ ಮೂಗಿನ ಹತ್ರ ಹಿಡಿದ್ರು. ನಂಗೊಂದೂ ತಿಳೀತಿಲ್ಲ ತಾಯಿ, ನೀನು ನೋಡಿ ಹೇಳು, ನಾತ ಹೋಯ್ತಾ? ಅಂದ್ರು."

"ನೀನೇನಂದೆ?"

"ಹೋಯ್ತು ಅಂದೆ."

ಬಿಡಿಸಿದ ಕಾಳಿನಲ್ಲಿ ಕೈಯಾಡಿಸುತ್ತಾ ಹೇಳಿದಳು:

"ಹೋಗಿರ್ಲಿಲ್ಲ."